ಸಂಚಕಾರ

ನಮ್ಮ ಕಡೆ ‘ಸಂಚಕಾರ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಎತ್ತನ್ನೋ ಹೊಲವನ್ನೋ ಕೊಳ್ಳುವವನು ವ್ಯವಹಾರ ಕುದುರಿತೆಂಬುದರ ಗುರುತಾಗಿ ಮೊದಲು ಕೈಯಲ್ಲಿಡುವ ಅಲ್ಪ ಹಣ ಸಂಚಕಾರ. ಪ್ರಾಣಕ್ಕೋ ಮಾನಕ್ಕೋ ಒದಗುವ ಕೇಡು ಕೂಡ ಸಂಚಕಾರವೇ. ಒಂದೇ ಮಾತು ಇವೆರಡನ್ನೂ ಹೊತ್ತಿರುವುದು ಎಷ್ಟು ಉಚಿತವೆಂಬುದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒದಗಿದ ಪ್ರಸಂಗದಿಂದ ನನಗೆ ಮನವರಿಕೆಯಾಯಿತು.

ಆತ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ. ತಂದೆ ತೊಗರಿ ಬೆಳೆಯುವ ರೈತ. ಹುಡುಗ ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿ, ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಮೇಲಿನ ವ್ಯಾಸಂಗಕ್ಕೆ ಸ್ಥಾನ ಪಡೆದನು. ಬ್ಯಾಂಕಿನ ಸಾಲ ದೊರೆಯಿತು, ವೀಸಾ ದೊರೆಯಿತು. ದೊರೆಯದೆ ಉಳಿದುದು ತಂಗಲು ಒಂದು ಕೋಣೆ. ತಿಂಗಳುಗಟ್ಟಲೆ ಅಂತರಜಾಲದಲ್ಲಿ ಹುಡುಕಿದ ಮೇಲೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಕೋಣೆ ವಿಶ್ವವಿದ್ಯಾಲಯದ ಮಗ್ಗುಲಲ್ಲೇ. ಬಾಡಿಗೆ ತಿಂಗಳಿಗೆ 350 ಯೂರೋ. ಅದೇ ಬಡಾವಣೆಯ ಬೇರೆ ಕೋಣೆಗಳಿಗೆ 600 ಯೂರೋ ಕೇಳುತ್ತಿದ್ದರು. ಮನೆಯ ಒಡತಿ ತಾನು ವೈದ್ಯೆಯೆಂದೂ, ಕೆಲಸದ ನಿಮಿತ್ತ ಸದ್ಯಕ್ಕೆ ಬೇರೆ ದೇಶದಲ್ಲಿರುವುದರಿಂದ ಮನೆಯನ್ನು ತೋರಿಸಲಾಗದೆಂದೂ, ಒಂದು ತಿಂಗಳ ಬಾಡಿಗೆ ಮತ್ತು ಎರಡು ತಿಂಗಳ ಠೇವಣಿ ಸೇರಿ 1,050 ಯೂರೋ ಕಳಿಸಿದೊಡನೆ ಬೀಗದ ಕೈಯನ್ನು ಕೊರಿಯರಿನಲ್ಲಿ ಕಳಿಸುವೆನೆಂದೂ ಬರೆದಳು. ಹಣ ಹೋಯಿತು. ಅದು ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಲಕ್ಷ ರೂಪಾಯಿ.

ಬೀಗದ ಕೈ ಬರಲಿಲ್ಲ. ಅಕ್ಟೋಬರಿನ ಒಂದು ಸಂಜೆ ಎರಡು ಪೆಟ್ಟಿಗೆಗಳೊಡನೆ ಆತ ಆ ವಿಳಾಸದ ಮುಂದೆ ನಿಂತಾಗ ಬಾಗಿಲು ತೆರೆದವರು ಆ ಮನೆಯಲ್ಲಿ ಅನೇಕ ವರ್ಷಗಳಿಂದ ವಾಸವಾಗಿದ್ದ ವೃದ್ಧರು. ಅವರು ಯಾವ ಜಾಹೀರಾತನ್ನೂ ಕೊಟ್ಟಿರಲಿಲ್ಲ. ಚಿತ್ರಗಳಲ್ಲಿದ್ದ ಕೋಣೆ ಆ ಮನೆಯದೇ ಆಗಿರಲಿಲ್ಲ. ಅಂದಿನ ರಾತ್ರಿ ಹುಡುಗ ಮಲಗಿದುದು ಹಿರಿಯ ವಿದ್ಯಾರ್ಥಿಯೊಬ್ಬರ ಅಡುಗೆಮನೆಯ ನೆಲದ ಮೇಲೆ.

ಮರುವರ್ಷ ಊರಿಗೆ ಬಂದಾಗ ಆತ ನನಗೆ ಹೇಳಿದ ಮಾತು ಇದು: “ಸರ್, ನಾನು ಕಣ್ಣು ಮುಚ್ಚಿ ಹಣ ಕಳಿಸಲಿಲ್ಲ. ಹತ್ತು ಚಿತ್ರಗಳಿದ್ದವು, ಪಾಸ್‌ಪೋರ್ಟಿನ ಪ್ರತಿ ಇತ್ತು, ಮೊಹರು ಹಾಕಿದ ಕರಾರು ಇತ್ತು. ಎಲ್ಲವೂ ಒಂದಕ್ಕೊಂದು ತಾಳೆಯಾಗಿದ್ದವು.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ಇದರಲ್ಲಿರುವ ದೋಷವನ್ನು ನಾನೇ ಆತನಿಗೆ ಪ್ರಥಮ ವರ್ಷದ ಪ್ರಯೋಗಶಾಲೆಯಲ್ಲಿ ಕಲಿಸಿರಬೇಕಾಗಿತ್ತು, ಕಲಿಸಿದೆನೆಂದೇ ತಿಳಿದಿದ್ದೆ.

ವರ್ನಿಯರ್ ಕ್ಯಾಲಿಪರ್ಸನ್ನು ನೆನೆಯಿರಿ. ಅದರ ದವಡೆಗಳು ಕೂಡಿದಾಗ ಸೊನ್ನೆ ಸೊನ್ನೆಗೆ ಸೇರದಿದ್ದರೆ ಅದಕ್ಕೆ ಶೂನ್ಯದೋಷವೆನ್ನುತ್ತೇವೆ. ಅಂಥ ಉಪಕರಣದಿಂದ ಒಂದು ಗುಂಡಿನ ವ್ಯಾಸವನ್ನು ಹತ್ತು ಸಲ ಅಳೆದರೆ ಹತ್ತು ಅಳತೆಗಳೂ ಒಂದಕ್ಕೊಂದು ಸೊಗಸಾಗಿ ತಾಳೆಯಾಗುತ್ತವೆ, ಮತ್ತು ಹತ್ತೂ ತಪ್ಪಾಗಿರುತ್ತವೆ. ಕೈ ನಡುಗುವುದರಿಂದಲೋ ಕಣ್ಣಿನ ಓರೆಯಿಂದಲೋ ಬರುವ ಯಾದೃಚ್ಛಿಕ ದೋಷವು ಅಳತೆಗಳನ್ನು ಹೆಚ್ಚಿಸಿ ಸರಾಸರಿ ತೆಗೆದರೆ ಕಡಿಮೆಯಾಗುತ್ತದೆ. ಉಪಕರಣದಲ್ಲೇ ಕುಳಿತ ವ್ಯವಸ್ಥಿತ ದೋಷವಾದರೋ ಸಾವಿರ ಸಲ ಅಳೆದರೂ ಕೂದಲೆಳೆಯಷ್ಟೂ ಕದಲುವುದಿಲ್ಲ. ಅದನ್ನು ಹಿಡಿಯಬೇಕಾದರೆ ಬೇರೊಂದು ಉಪಕರಣದಿಂದ ಅಳೆಯಬೇಕು.

ನಮ್ಮ ಹುಡುಗನ ಹತ್ತು ಚಿತ್ರಗಳು, ಪಾಸ್‌ಪೋರ್ಟು, ಕರಾರು ಇವೆಲ್ಲ ಹನ್ನೆರಡು ಸಾಕ್ಷ್ಯಗಳಾಗಿರಲಿಲ್ಲ. ಒಂದೇ ಕೈಯಿಂದ ಬಂದುದರಿಂದ ಅವೆಲ್ಲ ಸೇರಿ ಒಂದೇ ಸಾಕ್ಷ್ಯ. ಆ ಕೈ ಸುಳ್ಳಾದರೆ ಹನ್ನೆರಡೂ ಒಂದೇ ದಿಕ್ಕಿಗೆ ಸುಳ್ಳು. ಅವು ಪರಸ್ಪರ ತಾಳೆಯಾದುದು ಸತ್ಯದ ಗುರುತಲ್ಲ, ಕಥೆ ಕಟ್ಟಿದವನ ಜಾಣ್ಮೆಯ ಗುರುತು. ಆ ಪಾಸ್‌ಪೋರ್ಟಾದರೂ ಯಾರದು? ಬಹುಶಃ ಹಿಂದೆ ಹೀಗೆಯೇ ಮೋಸಹೋದ ಯಾರೋ ‘ಬಾಡಿಗೆದಾರರ ಪರಿಶೀಲನೆಗಾಗಿ’ ಕಳಿಸಿಕೊಟ್ಟುದು. ಈ ದಂಧೆಯಲ್ಲಿ ಒಬ್ಬನಿಂದ ಪಡೆದ ಗುರುತಿನ ಪತ್ರ ಮುಂದಿನವನಿಗೆ ಹಾಕುವ ಗಾಳದ ಎರೆಯಾಗುತ್ತದೆ. ಆದುದರಿಂದ ಹಣದಂತೆಯೇ ನಿಮ್ಮ ಪಾಸ್‌ಪೋರ್ಟಿನ ಪ್ರತಿಯನ್ನೂ ಅಪರಿಚಿತರಿಗೆ ಕಳಿಸತಕ್ಕದ್ದಲ್ಲ.

ಇಂಥ ವಂಚನೆಗೆ ಅಂತರಜಾಲವೇ ತಾಯಿಯೆಂದು ಭಾವಿಸಬೇಡಿ. 19ನೆಯ ಶತಮಾನದಲ್ಲೇ ಯೂರೋಪು, ಅಮೆರಿಕಗಳಲ್ಲಿ ‘ಸ್ಪೇನಿನ ಸೆರೆಯಾಳು’ ಎಂಬ ಪತ್ರಗಳು ಓಡಾಡುತ್ತಿದ್ದವು. ಸ್ಪೇನಿನ ಸೆರೆಮನೆಯಲ್ಲಿ ಒಬ್ಬ ಧನಿಕನಿದ್ದಾನೆ, ಸ್ವಲ್ಪ ಹಣ ಕಳಿಸಿದರೆ ಬಿಡುಗಡೆಯಾಗಿ ಅದರ ಹಲವು ಪಟ್ಟು ಕೊಡುತ್ತಾನೆ ಎಂಬುದು ಅವುಗಳ ಒಕ್ಕಣೆ. ಕಾಣಲಾಗದಷ್ಟು ದೂರ, ನಂಬಲರ್ಹನಂತೆ ತೋರುವ ಅಪರಿಚಿತ, ಮೊದಲು ತೆರಬೇಕಾದ ಸಣ್ಣ ಮೊತ್ತ, ಆತುರ: ಅಂದೂ ಇವೇ ನಾಲ್ಕು ಅಂಗಗಳು, ಇಂದೂ ಇವೇ ನಾಲ್ಕು. ವಿದ್ಯಾರ್ಥಿಯ ವಿಷಯದಲ್ಲಿ ಐದನೆಯದೊಂದು ಸೇರಿದೆ. ಜರ್ಮನಿಗೆ ಹೋಗುವ ವಿದ್ಯಾರ್ಥಿ ಒಂದು ವರ್ಷದ ಜೀವನವೆಚ್ಚವನ್ನು ಸಾಮಾನ್ಯವಾಗಿ ಅಲ್ಲಿನ ನಿರ್ಬಂಧಿತ ಖಾತೆಯೊಂದರಲ್ಲಿ ಮೊದಲೇ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಈ ನಿಯಮ ವಂಚಕನಿಗೂ ಗೊತ್ತು. ವಿದ್ಯಾರ್ಥಿಯ ಬಳಿ ಹಣವಿದೆ, ಅವನಿಗೆ ಊರಿನ ಪರಿಚಯವಿಲ್ಲ, ಅವನು ಇಂಥ ತಿಂಗಳಲ್ಲೇ ಬಂದಿಳಿಯಬೇಕು ಎಂಬ ಮೂರು ವಿಷಯಗಳನ್ನು ಆತ ಜಾಹೀರಾತು ಬರೆಯುವ ಮೊದಲೇ ಬಲ್ಲ.

ಆದರೂ ಓದಿದ ಹುಡುಗ ಮೋಸಹೋದುದೇಕೆ? ಈ ಪ್ರಶ್ನೆಗೆ ಭೌತವಿಜ್ಞಾನದ ಚರಿತ್ರೆಯಲ್ಲೇ ಒಂದು ಉತ್ತರವಿದೆ.

1903ರಲ್ಲಿ ಫ್ರಾನ್ಸಿನ ನ್ಯಾನ್ಸಿ ನಗರದ ಪ್ರಾಧ್ಯಾಪಕ ರೆನೆ ಬ್ಲಾಂಡ್ಲೋ ಎಂಬವರು ಹೊಸದೊಂದು ಕಿರಣವನ್ನು ಕಂಡೆವೆಂದು ಸಾರಿ, ತಮ್ಮ ಊರಿನ ಹೆಸರಿನಿಂದ ಅದನ್ನು ಎನ್-ಕಿರಣವೆಂದು ಕರೆದರು. ಅವರು ಠಕ್ಕರಲ್ಲ, ಗಣ್ಯ ವಿಜ್ಞಾನಿ. ಕತ್ತಲೆಯಲ್ಲಿ ಮಂದವಾದ ಬೆಳಕೊಂದು ಕೊಂಚ ಹೆಚ್ಚಾಗುವುದನ್ನು ಕಣ್ಣಿನಿಂದಲೇ ಗುರುತಿಸುವುದು ಅವರ ಪ್ರಯೋಗದ ಮುಖ್ಯಾಂಶ. ಬೇರೆ ಹಲವರೂ ತಮಗೆ ಅದು ಕಂಡಿತೆಂದರು. 1904ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಆ ಪ್ರಯೋಗಶಾಲೆಗೆ ಹೋದರು. ಅಲ್ಯೂಮಿನಿಯಮ್ಮಿನ ಒಂದು ಪ್ರಿಸಮ್ಮಿನಿಂದ ಆ ಕಿರಣವನ್ನು ಬಾಗಿಸಿ ಅಳೆಯುತ್ತಿದ್ದಾಗ, ವುಡ್ ಕತ್ತಲೆಯಲ್ಲಿ ಸದ್ದಿಲ್ಲದೆ ಪ್ರಿಸಮ್ಮನ್ನು ತೆಗೆದುಬಿಟ್ಟರು. ಬ್ಲಾಂಡ್ಲೋ ಮಾತ್ರ ಮೊದಲಿನಂತೆಯೇ ಅಳತೆಗಳನ್ನು ಹೇಳುತ್ತಲೇ ಹೋದರು! ವುಡ್ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಎನ್-ಕಿರಣಗಳ ಕಥೆ ಬೇಗನೆ ಮುಗಿಯಿತು.

ಕಾಣಬೇಕೆಂದು ಹಂಬಲಿಸುವವನಿಗೆ ಇಲ್ಲದುದೂ ಕಾಣುತ್ತದೆ. ಪ್ರಾಧ್ಯಾಪಕನಿಗೇ ಹೀಗಾದರೆ, ತಿಂಗಳುಗಟ್ಟಲೆ ಕೋಣೆ ಸಿಗದೆ ಬೆಂದ ಹುಡುಗನ ಪಾಡೇನು? ಆದುದರಿಂದ ಬುದ್ಧಿವಂತಿಕೆಯೊಂದೇ ರಕ್ಷೆಯಲ್ಲ. ರಕ್ಷೆ ಇರುವುದು ವುಡ್ ಮಾಡಿದಂಥ ಪರೀಕ್ಷೆಯಲ್ಲಿ, ಎಂದರೆ ಎದುರಿನವನು ತನಗೆ ಬೇಕಾದ ಫಲವನ್ನು ಬರಿಸಲಾರದಂಥ ಪರೀಕ್ಷೆಯಲ್ಲಿ. ನನ್ನ ಅಭಿಪ್ರಾಯದ ತಿರುಳು ಇಷ್ಟೆ: ಜಾಹೀರಾತು ಒಂದು ಊಹೆ, ಅದನ್ನು ಬರೆದವನ ಹತೋಟಿಯಲ್ಲಿಲ್ಲದ ಒಂದು ಪರೀಕ್ಷೆಯಾದರೂ ಆಗುವ ತನಕ ಹಣ ಕೈಬಿಡಬಾರದು.

ಅಂಥ ಪರೀಕ್ಷೆಗಳು ಯಾವುವು? ಮೊದಲನೆಯದು ಆಕಾಶದಲ್ಲೇ ಇದೆ. ಮನೆಯವರು ವೀಡಿಯೋ ಕರೆಯಲ್ಲಿ ಕೋಣೆ ತೋರಿಸುವೆನೆಂದರೆ ಕಿಟಕಿಯ ಬಳಿಗೆ ಹೋಗಲು ಹೇಳಿ. ಜೇವರ್ಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬರ್ಲಿನ್ ಸುಮಾರು 52.5 ಡಿಗ್ರಿಯಲ್ಲಿದೆ. ಡಿಸೆಂಬರಿನ ಕೊನೆಯ ವಾರಗಳಲ್ಲಿ ನಡುಹಗಲಿನ ಸೂರ್ಯ ನಮ್ಮಲ್ಲಿ ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿದ್ದರೆ ಬರ್ಲಿನ್ನಿನಲ್ಲಿ ಬರಿಯ 14 ಡಿಗ್ರಿ ಎತ್ತರದಲ್ಲಿರುತ್ತಾನೆ. 90ರಿಂದ ಅಕ್ಷಾಂಶವನ್ನೂ 23.5ನ್ನೂ ಕಳೆದರೆ ಈ ಉತ್ತರ ಬರುವುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಆ ಋತುವಿನಲ್ಲಿ ಅಲ್ಲಿ ಸೂರ್ಯ ಆಗ್ನೇಯದಲ್ಲಿ ಮೂಡಿ ನೈಋತ್ಯದಲ್ಲಿ ಮುಳುಗುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಇನ್ನು ಹೊತ್ತಿನ ವಿಚಾರ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಡಿಸೆಂಬರಿನಲ್ಲಿ ನಮ್ಮ ರಾತ್ರಿ ಒಂಬತ್ತೂವರೆಗೆ ಬರ್ಲಿನ್ನಿನಲ್ಲಿ ಸಂಜೆ ಐದು. ಆ ವೇಳೆಗೆ ಅಲ್ಲಿ ಕತ್ತಲೆಯಾಗಿರುತ್ತದೆ. ‘ಈಗ ತೋರಿಸುತ್ತಿದ್ದೇನೆ’ ಎಂಬ ಕೋಣೆಯ ಕಿಟಕಿಯಲ್ಲಿ ಹೊಂಬಿಸಿಲು ಕಂಡರೆ ಅದು ಅಂದಿನ ಚಿತ್ರವಲ್ಲ, ಅಥವಾ ಆ ಊರಿನದಲ್ಲ. ಸೂರ್ಯನಿಗೆ ಯಾರೂ ಲಂಚ ಕೊಡಲಾರರು.

ಆದರೆ ಇಂದಿನ ಯಂತ್ರಗಳು ಚಲಿಸುವ ಚಿತ್ರವನ್ನೂ ಕೃತಕವಾಗಿ ಸೃಷ್ಟಿಸಬಲ್ಲವು. ಆದುದರಿಂದ ಮೊದಲೇ ಸಿದ್ಧಪಡಿಸಲಾಗದ ಕೋರಿಕೆಯನ್ನಿಡಿ: ಅಡುಗೆಮನೆಯ ನಲ್ಲಿಯನ್ನು ತಿರುಗಿಸಿ, ಮೆಟ್ಟಿಲಿಳಿದು ಬೀದಿಯ ಹೆಸರಿನ ಫಲಕವನ್ನೂ ಮನೆಯ ಸಂಖ್ಯೆಯನ್ನೂ ಒಂದೇ ಓಟದಲ್ಲಿ ತೋರಿಸಿ ಎಂದು ಕೇಳಿ. ಇದರಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಮನೆ ಅವರದೆಂದು ಸಿದ್ಧವಾಗಲಿಲ್ಲ. ಆದರೆ ನೆಪ ಹೇಳಿ ತಪ್ಪಿಸಿಕೊಳ್ಳುವವರೊಡನೆ ಮಾತು ಅಲ್ಲಿಗೇ ಮುಗಿಯಬೇಕು.

ಎರಡನೆಯದು ಖಾತೆಯ ಸಂಖ್ಯೆ. ಯೂರೋಪಿನ ಬ್ಯಾಂಕುಖಾತೆಗಳ ಅಂತರರಾಷ್ಟ್ರೀಯ ಸಂಖ್ಯೆಯ ಮೊದಲ ಎರಡು ಅಕ್ಷರಗಳು ದೇಶವನ್ನು ಸೂಚಿಸುತ್ತವೆ, ಜರ್ಮನಿಗೆ ‘ಡಿ.ಇ.’ ಅನಂತರದ ಎರಡು ಅಂಕೆಗಳು ತಾಳೆಯಂಕೆಗಳು. ಅಕ್ಷರಗಳನ್ನು ಅಂಕೆಗಳಾಗಿ ಮಾರ್ಪಡಿಸಿ, ಮೊದಲ ನಾಲ್ಕು ಸ್ಥಾನಗಳನ್ನು ಕೊನೆಗೆ ಒಯ್ದು, ಬಂದ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಉಳಿಯಬೇಕು. ಸೊಗಸಾದ ಗಣಿತ, ಆದರೆ ಅದು ಹಿಡಿಯುವುದು ಬರೆವಣಿಗೆಯ ತಪ್ಪನ್ನು, ಬರೆದವನ ಕಪಟವನ್ನಲ್ಲ. ಮನೆ ಒಂದು ದೇಶದಲ್ಲಿ, ಖಾತೆ ಇನ್ನೊಂದು ದೇಶದಲ್ಲಿ, ಖಾತೆದಾರನ ಹೆಸರು ಮೂರನೆಯದು ಎಂದಾದರೆ ಎಚ್ಚರವಹಿಸಿ. ಯೂರೋ ಬಳಸುವ ದೇಶಗಳ ಬ್ಯಾಂಕುಗಳು 2025ರ ಅಕ್ಟೋಬರಿನಿಂದ ತಮ್ಮೊಳಗಿನ ಯೂರೋ ಪಾವತಿಗೆ ಮುನ್ನ ಹಣ ಪಡೆಯುವವನ ಹೆಸರು ಖಾತೆಗೆ ಹೊಂದುತ್ತದೆಯೇ ಎಂದು ನೋಡಿ ತಿಳಿಸಬೇಕಾಗಿದೆ. ಅಲ್ಲಿಗೆ ಹೋಗಿ, ಖಾತೆ ತೆರೆದು, ಆಮೇಲೆ ಬಾಡಿಗೆ ಕೊಡುವುದರ ಒಂದು ಲಾಭ ಇದು.

ಮೂರನೆಯದು ಆ ನಾಡಿನ ಕಾನೂನು. ಜರ್ಮನಿಯಲ್ಲಿ ಠೇವಣಿಯು ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ; ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ; ಮೊದಲ ಕಂತು ಸಲ್ಲಬೇಕಾದುದು ಬಾಡಿಗೆಯ ಅವಧಿ ಆರಂಭವಾದಾಗ. ಅಲ್ಲಿ ಮನೆ ಸೇರಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ದಾಖಲಿಸಬೇಕು. ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ‘ಆ ಪತ್ರ ಕೊಡುವಿರಷ್ಟೆ?’ ಎಂದು ಮೊದಲೇ ಕೇಳಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆಮನೆಗೆ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಪಡೆದ ಠೇವಣಿಯನ್ನು 30 ದಿನಗಳೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಒಪ್ಪಿಸಬೇಕು. ಆಸ್ತಿ ಯಾರ ಹೆಸರಿನಲ್ಲಿದೆಯೆಂಬುದನ್ನು ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ಭೂದಾಖಲೆಯಲ್ಲಿ ನೋಡಬಹುದು. ಕೆನಡದ ಒಂಟಾರಿಯೋ ಪ್ರಾಂತದಲ್ಲಿ ಮನೆಗೆ ಆಗಬಹುದಾದ ಹಾನಿಯ ಹೆಸರಿನಲ್ಲಿ ಠೇವಣಿ ಕೇಳುವುದೇ ಕಾನೂನಿಗೆ ವಿರುದ್ಧ. ಪಹಣಿ ನೋಡದೆ, ಚೆಕ್ಕುಬಂದಿ ತಿಳಿಯದೆ ಒಂದು ಎಕರೆ ಹೊಲವನ್ನು ಕೊಳ್ಳುವ ರೈತ ನಮ್ಮಲ್ಲಿಲ್ಲ. ಎತ್ತಿನ ಹಲ್ಲು ನೋಡದೆ ಸಂಚಕಾರ ಕೊಡುವವನೂ ಇಲ್ಲ. ಆ ರೈತನ ಮಗ ಕಾಣದ ಮನೆಗೆ ಲಕ್ಷ ರೂಪಾಯಿ ಕಳಿಸುವುದು ವಿದ್ಯೆಯ ಫಲವಾಗಬಾರದು.

ನಾಲ್ಕನೆಯದು, ಮತ್ತು ಎಲ್ಲಕ್ಕಿಂತ ಬಲವಾದುದು, ನಿಮ್ಮವರ ಕಣ್ಣು. ಆ ಊರಿನಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬರು ಬಾಗಿಲು ತಟ್ಟಿ ಬಂದರೆ ನೂರು ಚಿತ್ರಗಳಿಗೆ ಮಿಗಿಲು. ಬ್ರಿಟನ್ನಿನಲ್ಲಿ ಕನ್ನಡ ಬಳಗ ಇದೆ. ಅಮೆರಿಕದ ಅನೇಕ ನಗರಗಳಲ್ಲಿ ಕನ್ನಡ ಕೂಟಗಳಿವೆ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ದೂರದೇಶದಲ್ಲಿ ‘ನಾನೂ ಕಲಬುರಗಿ ಕಡೆಯವನೇ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಕರಗುತ್ತದೆ. ವಂಚಕನೂ ಅದನ್ನೇ ಬಯಸುತ್ತಾನೆ. ಒಂದೇ ನುಡಿಯವನೆಂಬುದು ಸ್ನೇಹಕ್ಕೆ ಕಾರಣವಾಗಬಹುದು, ಪುರಾವೆಯಾಗಲಾರದು. ಊರಿನಲ್ಲಿ ನಮ್ಮನ್ನು ಕಾಯುವುದು ಬರಿಯ ಪರಿಚಯವಲ್ಲ. ಮೋಸ ಮಾಡಿದವನ ಮನೆ, ಬೀಗರು, ಬಂಧುಗಳು ಎಲ್ಲ ಗೊತ್ತಿದ್ದು, ನಾಳೆ ಆತ ಸಂತೆಯಲ್ಲಿ ಮುಖ ತೋರಿಸಬೇಕಾಗುತ್ತದೆಂಬ ಸಂಗತಿ ನಮ್ಮನ್ನು ಕಾಯುತ್ತದೆ. ಪರದೇಶದಲ್ಲಿ ಆ ಸಂತೆಯಿಲ್ಲ.

ಇದಕ್ಕೊಂದು ಆಕ್ಷೇಪಣೆಯುಂಟು, ಮತ್ತು ಅದು ಹುರುಳಿಲ್ಲದುದಲ್ಲ. ‘ಕೋಣೆಗಳ ಬರ ಅಷ್ಟಿರುವಾಗ ನಾವು ಪರೀಕ್ಷಿಸುತ್ತ ಕುಳಿತರೆ ನಿಜವಾದ ಕೋಣೆಯೂ ಬೇರೆಯವರ ಪಾಲಾಗುವುದಿಲ್ಲವೆ?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗುತ್ತದೆ. ಎಚ್ಚರಿಕೆಗೂ ಒಂದು ಬೆಲೆಯಿದೆ. ಯಾವ ಅಳತೆಯೂ ಪುಕ್ಕಟೆಯಾಗಿ ದೊರೆಯುವುದಿಲ್ಲ. ಆದುದರಿಂದ ಆ ಬೆಲೆಯನ್ನು ಮೊದಲೇ ಅಂದಾಜುಪಟ್ಟಿಯಲ್ಲಿ ಸೇರಿಸಿ. ಪ್ರವೇಶಪತ್ರ ಕೈಸೇರಿದ ದಿನವೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ. ಅದು ದೊರೆಯದಿದ್ದರೆ ಮೊದಲ ಎರಡು ಮೂರು ವಾರಗಳಿಗೆ ಹಾಸ್ಟೆಲೊಂದರಲ್ಲೋ ಪರಿಚಿತರಲ್ಲೋ ತಂಗುವ ಏರ್ಪಾಡು ಮಾಡಿಕೊಂಡು, ಅಲ್ಲಿಂದ ಕಾಲ್ನಡಿಗೆಯಲ್ಲಿ ಹೋಗಿ ಕೋಣೆಯನ್ನು ನೋಡಿ ಹಿಡಿಯಿರಿ. ಅದಕ್ಕೆ ತಗಲುವ ಕೆಲವು ನೂರು ಯೂರೋ ನಷ್ಟವಲ್ಲ. ಅದು ಪರೀಕ್ಷೆಯ ಶುಲ್ಕ.

ಮೋಸ ನಡೆದೇಹೋದರೆ? ಪ್ರಕೃತಿಯಲ್ಲಿ ಕೆಲವು ಕ್ರಿಯೆಗಳು ಹಿಂತಿರುಗಲಾರವು. ನೀರಿಗೆ ಬಿದ್ದ ಶಾಯಿಯ ಹನಿ ಹರಡಿದ ಮೇಲೆ ಮತ್ತೆ ಹನಿಯಾಗುವುದಿಲ್ಲ. ಹೊರದೇಶದ ಖಾತೆಗೆ ಜಮೆಯಾದ ಹಣವೂ ಬಹುಮಟ್ಟಿಗೆ ಹಾಗೆಯೇ. ಖಾತೆಯಿಂದ ಖಾತೆಗೆ ಹಂಚಿಹೋಗುತ್ತದೆ. ಆದರೆ ಹರಡಲು ಕೊಂಚ ಹೊತ್ತು ಬೇಕು. ಆ ಹೊತ್ತಿನೊಳಗೆ ನಿಮ್ಮ ಬ್ಯಾಂಕಿಗೆ ತಿಳಿಸಿ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಿ, ಆ ದೇಶದ ಪೊಲೀಸರಲ್ಲೂ ದೂರು ಕೊಡಿ. ಪತ್ರವ್ಯವಹಾರವನ್ನು ನಾಚಿಕೆಯಿಂದ ಅಳಿಸಿಹಾಕಬೇಡಿ, ಅದೇ ಸಾಕ್ಷ್ಯ. ನನ್ನ ವಿದ್ಯಾರ್ಥಿ ಒಂದು ವರ್ಷದವರೆಗೆ ತನ್ನ ತಂದೆಗೂ ಈ ವಿಷಯ ಹೇಳಿರಲಿಲ್ಲ. ‘ಓದಿದವನು ಹೀಗೆ ಮೋಸಹೋದನೆ?’ ಎಂದು ಊರವರು ನಕ್ಕಾರೆಂಬ ಭಯ. ಈ ಮೌನದಿಂದ ಲಾಭ ಪಡೆಯುವವನು ವಂಚಕನೊಬ್ಬನೇ. ವಿಜ್ಞಾನದಲ್ಲಿ ವಿಫಲವಾದ ಪ್ರಯೋಗವನ್ನೂ ಬರೆದಿಡುವುದು ಮುಂದಿನವನು ಅದೇ ಹಳ್ಳಕ್ಕೆ ಬೀಳದಿರಲೆಂದು.

ಇನ್ನು ಹೊಣೆಯ ಮಾತು. ಎಲ್ಲ ಭಾರವನ್ನೂ ಇಪ್ಪತ್ತೆರಡರ ಹುಡುಗನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಪರದೇಶದ ವಿದ್ಯಾರ್ಥಿಗಳನ್ನು ಕೈಬೀಸಿ ಕರೆಯುವ ವಿಶ್ವವಿದ್ಯಾಲಯಗಳು ಮೊದಲ ತಿಂಗಳಿನ ವಸತಿಗಾದರೂ ಹೊಣೆಯಾಗಬೇಕು. ವಿದ್ಯಾರ್ಥಿಗಳನ್ನು ಕಳಿಸಿಕೊಡುವುದಕ್ಕೆ ಶುಲ್ಕ ಪಡೆಯುವ ಸಂಸ್ಥೆಗಳು ವಿಮಾನ ಹತ್ತಿಸಿ ಕೈತೊಳೆದುಕೊಳ್ಳಬಾರದು.

ಆದರೆ ನಮ್ಮ ಕಾಲೇಜುಗಳಲ್ಲಿ ಪಾಠ ಹೇಳುವ ನನ್ನಂಥವರ ಹೊಣೆಯನ್ನು ಮರೆಮಾಚಿ ಇತರರತ್ತ ಬೆರಳು ತೋರಿದರೆ ನಾನು ಅಪ್ರಾಮಾಣಿಕನಾದೇನು. ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವುದೇನು? ಹಿಂದಿನ ವರ್ಷದವರ ರೆಕಾರ್ಡು ಪುಸ್ತಕ ಕೈಯಿಂದ ಕೈಗೆ ಬರುತ್ತದೆ. ಲೋಲಕವನ್ನು ತೂಗುಬಿಡುವ ಮೊದಲೇ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಎಂದು ಬರೆದಾಗಿರುತ್ತದೆ. ಅದಕ್ಕೆ ಒಪ್ಪುವಂತೆ ಅಳತೆಗಳನ್ನು ಹಿಂದಿನಿಂದ ಮುಂದಕ್ಕೆ ಹೆಣೆಯಲಾಗುತ್ತದೆ. ನಾವು ಅದನ್ನು ಕಂಡೂ ಕಾಣದಂತೆ ಸಹಿ ಹಾಕುತ್ತೇವೆ. ಕಾಗದದ ಮೇಲೆ ಎಲ್ಲವೂ ತಾಳೆಯಾದರೆ ಸಾಕು ಎಂಬ ಪಾಠವನ್ನು ಆ ಹುಡುಗ ಕಲಿತುದು ಜರ್ಮನಿಯಲ್ಲಲ್ಲ. ನನ್ನ ಸಹಿಯ ಕೆಳಗೆ ಕಲಿತನು. ಅಂಥ ಕಟ್ಟುಕಥೆಯನ್ನು ಮೂರು ವರ್ಷ ಬರೆದವನು, ಬೇರೊಬ್ಬ ಬರೆದ ಕಟ್ಟುಕಥೆಯನ್ನು ಗುರುತಿಸಲಾರದೆ ಹೋದುದರಲ್ಲಿ ಆಶ್ಚರ್ಯವೇನು?

ಈ ವರ್ಷದಿಂದ ನಾನು ಒಂದು ಕೆಲಸ ಮಾಡುತ್ತಿದ್ದೇನೆ. ಪ್ರಥಮ ವರ್ಷದವರ ಕೈಗೆ ಶೂನ್ಯದೋಷವಿರುವ ಕ್ಯಾಲಿಪರ್ಸನ್ನು ಹೇಳದೆ ಕೊಡುತ್ತೇನೆ. ಹತ್ತು ಅಳತೆಗಳು ತಾಳೆಯಾದುವೆಂದು ಹಿಗ್ಗಿ ಬಂದವರನ್ನು ಪಕ್ಕದ ಮೇಜಿನ ಉಪಕರಣದಿಂದ ಇನ್ನೊಮ್ಮೆ ಅಳೆಯಲು ಕಳಿಸುತ್ತೇನೆ. ಅವರು ಮುಖ ಬಾಡಿಸಿಕೊಂಡು ಹಿಂತಿರುಗಿದಾಗ ಆ ಅಡುಗೆಮನೆಯ ನೆಲದ ಕಥೆಯನ್ನು ಹೇಳುತ್ತೇನೆ. ಇದಕ್ಕೆ ಆ ಹುಡುಗನ ಒಪ್ಪಿಗೆಯುಂಟು.

ವಿದ್ಯಾರ್ಥಿ ಮಿತ್ರರೇ, ದೂರದೇಶಗಳಿಗೆ ಹೋಗಿರಿ, ಹೆದರಬೇಡಿ. ಜಗತ್ತಿನಲ್ಲಿ ಪ್ರಾಮಾಣಿಕ ಮನೆಯೊಡೆಯರಿಗೆ ಕೊರತೆಯಿಲ್ಲ. ಪ್ರಾಮಾಣಿಕರಾದವರು ನಿಮ್ಮ ಪರೀಕ್ಷೆಗೆ ಬೇಸರಿಸುವುದೂ ಇಲ್ಲ. ಸಂಚಕಾರ ಕೊಡುವ ಮುನ್ನ ಮಾತ್ರ ಆ ಮಾತಿನ ಎರಡನೆಯ ಅರ್ಥವನ್ನು ಒಮ್ಮೆ ನೆನೆಯಿರಿ, ಮತ್ತು ಪಕ್ಕದ ಮೇಜಿನ ಉಪಕರಣದಿಂದ ಇನ್ನೊಮ್ಮೆ ಅಳೆಯಿರಿ.